ಕಚ್ಚು ಬೀಳದ ರೆಕ್ಕೆ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಗಿಡ್ಡ ಮೈಕಟ್ಟು, ಚುರುಕು ನಡಿಗೆ, ಕೂತ ಕಡೆ ಕೂರದ ಸ್ವಭಾವ. ಹೆಸರು ಬಿದ್ದದ್ದು ಅದಕ್ಕೇ. ಮೂವತ್ತೊಂದು ವರ್ಷದ ಈ ಗುಬ್ಬಿ ಮೈಕ್ರೋಸ್ಕೋಪಿನ ಮುಂದೆ ಕೂತಾಗ ಮಾತ್ರ ಅಲುಗಾಡುತ್ತಿರಲಿಲ್ಲ. ಹಣ್ಣಿನ ನೊಣದ ರೆಕ್ಕೆಯ ಮೇಲೆ ಅವಳ ಸಂಶೋಧನೆ. ನೊಣವೇ ಎಳ್ಳುಕಾಳಿನಷ್ಟು. ಅದಕ್ಕೊಂದು ಗಾಜಿನಂಥ ರೆಕ್ಕೆ, ಆ ರೆಕ್ಕೆಯ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ನಿಂತ ಕೂದಲುಗಳು. ಐದು ವರ್ಷದಿಂದ ಅವಳು ದಿನಾ ನೋಡುತ್ತಿದ್ದದ್ದು ಅದನ್ನೇ.

ಅವಳ ತಾಯಿ ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸದವರು. ಯೀಸ್ಟಿನ ವಾಸನೆಗೆ ಅದೇ ಜಾತಿಯ ನೊಣಗಳು ಅಲ್ಲಿಗೂ ಮುತ್ತುತ್ತಿದ್ದವು. ನಾನು ದಿನವಿಡೀ ಓಡಿಸ್ತೀನಿ, ನೀನು ದಿನವಿಡೀ ಸಾಕ್ತೀಯ, ಇಬ್ಬರಲ್ಲಿ ಒಬ್ಬರು ಕೆಲಸ ಬಿಟ್ಟರೆ ಇನ್ನೊಬ್ಬರಿಗೆ ಸುಖ ಎಂದು ಅವರು ಮಗಳನ್ನು ಕಾಡುತ್ತಿದ್ದರು. ನೆರೆಯವರು ಮಗಳ ಕೆಲಸದ ಬಗ್ಗೆ ಕೇಳಿದರೆ, ಓದಿ ಓದಿ ಕೊನೆಗೆ ನೊಣ ಹೊಡೀತಾ ಕೂತಿದಾಳೆ ಎಂದು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಮುಚ್ಚಿಡಲಾಗದಷ್ಟು ಇರುತ್ತಿತ್ತು.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಟೀಚರ್ ಎಂದು. ಸಂಶೋಧನೆಗೆ ಬರುವ ಮೊದಲು ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದರು. ಆ ಹೆಸರು ಅವರ ಬೆನ್ನು ಬಿಡಲಿಲ್ಲ. ಈಗ ಅರವತ್ತೆರಡು, ನಿವೃತ್ತಿಗೆ ಒಂದು ವರ್ಷ ಬಾಕಿ. ಬಲಗೈ ಸಣ್ಣಗೆ ನಡುಗತೊಡಗಿದ್ದರಿಂದ ಚಿಮಟ ಹಿಡಿಯುವುದನ್ನು ಎರಡು ವರ್ಷದ ಹಿಂದೆಯೇ ಬಿಟ್ಟಿದ್ದರು. ಆದರೂ ಯಾರ ಮೇಜಿನ ಮೇಲೆ ಯಾವ ಪ್ರಯೋಗ ಎಲ್ಲಿಗೆ ಬಂದಿದೆ ಎಂಬುದು ಅವರಿಗೆ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು.

ಅವರಿಗೆ ಹೆಸರು ತಂದದ್ದು ಇಪ್ಪತ್ತನಾಲ್ಕು ವರ್ಷದ ಹಿಂದಿನ ಒಂದು ಶೋಧ. ಮರಿಹುಳುವಿನ ಮೈಯೊಳಗೆ ರೆಕ್ಕೆ ರೂಪುಗೊಳ್ಳುವಾಗ ಒಂದು ಜೀವಕೋಶ ಪಕ್ಕದ ಜೀವಕೋಶಕ್ಕೆ ಸಂದೇಶ ಕಳಿಸುತ್ತದೆ: ನೀನು ಅಂಚಾಗು ಎಂದು. ಅಂಚನ್ನು ಕಟ್ಟುವ ಜೀನ್ ಆ ಜೀವಕೋಶದಲ್ಲಿ ಮೊದಲಿಂದಲೂ ಇದ್ದೇ ಇರುತ್ತದೆ, ಆದರೆ ಒಂದು ಪ್ರೋಟೀನ್ ಅದರ ಮೇಲೆ ಕೂತು ಅದನ್ನು ಸುಮ್ಮನಿರಿಸಿರುತ್ತದೆ. ಲ್ಯಾಬಿನಲ್ಲಿ ಆ ಪ್ರೋಟೀನಿಗೆ ಕಾವಲುಗಾರ ಎಂದೇ ಹೆಸರು. ಸಂದೇಶ ಬಂದ ಮೇಲೆ ಕಾವಲುಗಾರನ ಮೈಮೇಲೆ, ಒಂದು ನಿರ್ದಿಷ್ಟ ಜಾಗದಲ್ಲಿ, ಫಾಸ್ಫೇಟಿನ ಪುಟ್ಟ ಚುಕ್ಕಿಯೊಂದು ಅಂಟಿಕೊಳ್ಳುತ್ತದೆ. ಇದನ್ನು ಮೊದಲು ಕಂಡವರು ಟೀಚರ್. ಚುಕ್ಕಿ ಬಿತ್ತೆಂದರೆ ಕಾವಲುಗಾರ ಜಾಗ ಬಿಡುತ್ತಾನೆ, ಜೀನ್ ಎಚ್ಚರಾಗುತ್ತದೆ ಎಂದು ಅವರು ಚಿತ್ರ ಸಮೇತ ಬರೆದರು. ಪಠ್ಯಪುಸ್ತಕಗಳಿಗೆ ಆ ಚಿತ್ರ ಹೋಯಿತು. ಗುಬ್ಬಿ ಕಾಲೇಜಿನಲ್ಲಿ ಪರೀಕ್ಷೆಗೆ ಬರೆದು ಪೂರ್ತಿ ಅಂಕ ಗಿಟ್ಟಿಸಿದ್ದು ಅದೇ ಚಿತ್ರದಿಂದ.

ಗುಬ್ಬಿಯ ಕೈಗೆ ಬಂದ ಕೆಲಸ ಸರಳವಾಗಿತ್ತು. ಚುಕ್ಕಿ ಅಂಟುವ ಆ ಒಂದು ಜಾಗವನ್ನು ಬದಲಾಯಿಸಿ, ಚುಕ್ಕಿ ಅಂಟಲಾರದ ಕಾವಲುಗಾರನುಳ್ಳ ನೊಣಗಳನ್ನು ಮಾಡಬೇಕು. ಅಂಥ ನೊಣದಲ್ಲಿ ಕಾವಲುಗಾರ ಕದಲುವುದಿಲ್ಲ, ಜೀನ್ ಏಳುವುದಿಲ್ಲ, ರೆಕ್ಕೆಯ ಅಂಚು ಅಲ್ಲಲ್ಲಿ ಇಲಿ ಕಡಿದಂತೆ ಕಚ್ಚು ಬಿದ್ದಿರುತ್ತದೆ. ಆ ಕಚ್ಚುಗಳನ್ನು ಎಣಿಸಿ ಬರೆದರೆ ಅವಳ ಪ್ರಬಂಧದ ಮೂರನೇ ಅಧ್ಯಾಯ ಮುಗಿಯುತ್ತಿತ್ತು.

ನೊಣಗಳು ಹುಟ್ಟಿದವು. ರೆಕ್ಕೆಗಳಲ್ಲಿ ಒಂದೇ ಒಂದು ಕಚ್ಚು ಇರಲಿಲ್ಲ.

ಅಂಚು ಇಡಿಯಾಗಿತ್ತು. ಅಷ್ಟೇ ಅಲ್ಲ, ಕೂದಲು ಎಂದಿಗಿಂತ ಹೆಚ್ಚಾಗಿತ್ತು. ಸಾಲು ಮೀರಿ ಒಳಗಿನ ಬಯಲಿಗೂ ಒಂದೆರಡು ನುಗ್ಗಿದ್ದವು. ಗುಬ್ಬಿಗೆ ಮೊದಲು ಬಂದ ಯೋಚನೆ, ತಾನು ಎಲ್ಲೋ ಎಡವಿದೆ ಎಂದು. ಜೀನಿನ ಅಕ್ಷರಕ್ರಮವನ್ನು ಯಂತ್ರದಲ್ಲಿ ಓದಿಸಿ ನೋಡಿದಳು, ಬದಲಾವಣೆ ಸರಿಯಾಗಿಯೇ ಇತ್ತು. ಮತ್ತೆ ಗಂಡು ಹೆಣ್ಣು ಕೂಡಿಸಿದಳು. ಮತ್ತೆ ಅದೇ. ಮೂರನೆಯ ಸಲವೂ ಅದೇ. ಯಾರಿಗೂ ಹೇಳಲಿಲ್ಲ. ಟೀಚರ್ ಬಾಗಿಲಲ್ಲಿ ಕಂಡರೆ ಮೈಕ್ರೋಸ್ಕೋಪಿನ ದೀಪ ಆರಿಸಿ ಬೇರೆ ಏನೋ ಹುಡುಕುವವಳಂತೆ ಏಳುತ್ತಿದ್ದಳು. ಮನೆಯಲ್ಲಿ ತಟ್ಟೆಯ ಅನ್ನ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ತಾಯಿ ಎರಡು ದಿನ ನೋಡಿದರು, ಮೂರನೆಯ ದಿನ ಹಿಟ್ಟು ಮೆತ್ತಿದ ಕೈಯಲ್ಲೇ ಅವಳ ಗಲ್ಲ ಹಿಡಿದು ಏನಾಯಿತೆಂದು ಕೇಳಿದರು. ಏನಿಲ್ಲ, ನೊಣ ಚೆನ್ನಾಗಿವೆ, ಅದೇ ತೊಂದರೆ ಎಂದಳು ಮಗಳು. ತಾಯಿಗೆ ತಲೆಬುಡ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಇದನ್ನು ಮೊದಲು ಪತ್ತೆ ಮಾಡಿದವರು ಬಾಟ್ಲಿ ಮಾವ. ನೊಣಗಳ ಊಟ ಬೇಯಿಸಿ, ಬಾಟಲಿಗಳಿಗೆ ಸುರಿದು, ಸಾವಿರಾರು ಬಗೆಯ ನೊಣಗಳನ್ನು ಹಳೆ ಬಾಟಲಿಯಿಂದ ಹೊಸದಕ್ಕೆ ದಾಟಿಸುವುದು ಅವರ ಕೆಲಸ. ಟೀಚರ್‌ಗಿಂತ ಎರಡು ವರ್ಷ ಚಿಕ್ಕವರು. ಲ್ಯಾಬಿಗೆ ಬಂದದ್ದು ಅವರಿಗಿಂತ ಒಂದು ವರ್ಷ ಮೊದಲು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಯುವ ದೊಡ್ಡ ಪಾತ್ರೆಯ ಮುಂದೆ ನಿಂತು ಎಲ್ಲರ ಬಗ್ಗೆಯೂ ಎಲ್ಲವನ್ನೂ ಅವರು ತಿಳಿದುಕೊಂಡಿರುತ್ತಿದ್ದರು. ಒಂದು ಮಧ್ಯಾಹ್ನ ಗುಬ್ಬಿ ಖಾಲಿ ಬಾಟಲಿ ಕೇಳಲು ಹೋದಾಗ ಅವರು ಸೌಟು ತಿರುಗಿಸುತ್ತಲೇ ಹೇಳಿದರು:

"ಅದೇ ಗಂಡು, ಅದೇ ಹೆಣ್ಣು. ಒಂದೇ ಮದುವೆ ನಾಲ್ಕನೇ ಸಲ ಮಾಡಿಸ್ತಿದ್ದೀಯಲ್ಲ ಗುಬ್ಬಿ. ಮಕ್ಕಳು ಹೇಗಿರಬೇಕು ಅಂತ ನಿನ್ನ ಆಸೆ?"

ಗುಬ್ಬಿ ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಕಚ್ಚು ಇಲ್ಲ, ಕೂದಲು ಜಾಸ್ತಿ ಎಂದು ಕೇಳಿದಾಗ ಅವರ ಸೌಟು ನಿಂತಿತು. ಅವರು ಒಲೆ ಸಣ್ಣದು ಮಾಡಿದರು. ಇವತ್ತೇ ಟೀಚರ್‌ಗೆ ಹೇಳು, ಹೇಳುವಾಗ ನಾನೂ ಬರ್ತೀನಿ ಎಂದರು. ನೊಣದ ಊಟ ಬೇಯಿಸುವವರಿಗೆ ಅಲ್ಲೇನು ಕೆಲಸ ಎಂದು ಅವಳಿಗೆ ಅನ್ನಿಸಿದರೂ ಕೇಳಲಿಲ್ಲ.

ಟೀಚರ್ ಸಿಟ್ಟಾಗಲಿಲ್ಲ. ಕಾಗದಗಳನ್ನು ಪಕ್ಕಕ್ಕಿಟ್ಟು ಬಂದು ಗುಬ್ಬಿಯ ಕುರ್ಚಿಯಲ್ಲಿ ಕೂತರು. ಒಂದಾದ ಮೇಲೊಂದು ನಲವತ್ತು ರೆಕ್ಕೆ ನೋಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಕಣ್ಣು ಉಜ್ಜಿಕೊಂಡು, ಸಹಜವಾಗಿ, ಯಾರಾದರೂ ಕೇಳುವ ಪ್ರಶ್ನೆಯನ್ನೇ ಕೇಳಿದರು. ಬಾಟಲಿಗಳು ಅದಲು ಬದಲಾಗಿರಬಹುದೇ?

ಬಾಗಿಲಲ್ಲಿ ನಿಂತಿದ್ದ ಬಾಟ್ಲಿ ಮಾವ ಒಳಗೆ ಬಂದರು. ಅವರ ಕೈಯಲ್ಲಿ ಒಂದೇ ಒಂದು ಸೀಸೆ ಇತ್ತು.

"ಟೀಚರ್, ಹದಿನೆಂಟು ವರ್ಷದ ಹಿಂದೆ ನೀವು ಇದೇ ಮಾತು ಆ ಹುಡುಗನಿಗೂ ಹೇಳಿದ್ರಿ. ನನ್ನ ಬಾಟ್ಲಿ ಅವತ್ತೂ ಅದಲು ಬದಲಾಗಿರಲಿಲ್ಲ."

ಟೀಚರ್ ಸೀಸೆಯನ್ನು ಕೈಗೆ ತೆಗೆದುಕೊಂಡರು. ಹೊಸ ಸೀಸೆ, ಹೊಸ ಊಟ. ಆದರೆ ಅಂಟಿಸಿದ್ದ ಚೀಟಿ ಹಳೆಯದು, ಹಳದಿ ತಿರುಗಿದ್ದು. ಪ್ರತಿ ಸಲವೂ ಹಳೆ ಸೀಸೆಯಿಂದ ಬಿಡಿಸಿ ಹೊಸದಕ್ಕೆ ಅಂಟಿಸಿದ್ದರಿಂದ ಅದರ ಅಂಚುಗಳು ಸವೆದಿದ್ದವು. ಚೀಟಿಯ ಮೇಲಿನ ಅಕ್ಷರ ಯಾರದೆಂದು ಟೀಚರ್ ಕೂಡಲೇ ಗುರುತು ಹಿಡಿದರು.

ಆ ಕಥೆ ಗುಬ್ಬಿಗೆ ಗೊತ್ತಾದದ್ದು ಆಗಲೇ. ಅವಳಂತೆಯೇ ಒಬ್ಬ ವಿದ್ಯಾರ್ಥಿ, ಅವಳು ಮಾಡಿದ ಪ್ರಯೋಗವನ್ನೇ, ಆ ಕಾಲದ ಒರಟು ಸಲಕರಣೆಗಳಿಂದ ಒಂದೂವರೆ ವರ್ಷ ತಿಣುಕಾಡಿ ಮಾಡಿದ್ದ. ಕಚ್ಚು ಬರಲಿಲ್ಲ ಎಂದು ಬಂದು ಹೇಳಿದ್ದ. ಟೀಚರ್ ಆಗ ಖ್ಯಾತಿಯ ತುತ್ತತುದಿಯಲ್ಲಿದ್ದರು. ಬಾಟಲಿ ಅದಲು ಬದಲಾಗಿದೆ, ಕೈ ಪಳಗಿಲ್ಲ, ಮತ್ತೆ ಮಾಡು ಎಂದಿದ್ದರು. ಮತ್ತೆ ಮಾಡಿದ, ಮತ್ತೆ ಅದೇ ಬಂತು. ಮೂರನೆಯ ಸಲ ಮಾಡು ಎಂದಾಗ ಅವನು ಮೇಜು ಒರೆಸಿ, ಬೀಗದ ಕೈ ಒಪ್ಪಿಸಿ ಹೊರಟುಹೋದ. ಅವನ ನೊಣಗಳನ್ನು ಎಸೆಯಬೇಕೆಂದು ಯಾರೂ ಹೇಳಲಿಲ್ಲ. ಬಾಟ್ಲಿ ಮಾವ ಎಸೆಯಲಿಲ್ಲ. ತಂಪು ಕಪಾಟಿನ ಮೂಲೆಯಲ್ಲಿಟ್ಟು ತಿಂಗಳಿಗೊಮ್ಮೆ ಹೊಸ ಊಟಕ್ಕೆ ದಾಟಿಸಿದರು. ಇನ್ನೂರಕ್ಕೂ ಹೆಚ್ಚು ಸಲ. ಜ್ವರ ಬಂದಾಗಲೂ, ಮಗಳ ಮದುವೆಯ ವಾರದಲ್ಲೂ, ಕರೆಂಟು ಕೈಕೊಟ್ಟು ಅರ್ಧ ಕಪಾಟಿನ ನೊಣಗಳು ಸತ್ತ ಬೇಸಿಗೆಯಲ್ಲೂ ಆ ಒಂದು ಸೀಸೆ ಉಳಿದಿತ್ತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಟೀಚರ್ ಕೇಳಿದರು. ನೊಣದ ಊಟ ಬೇಯಿಸುವವನ ಮಾತಿಗೆ ನೀವೇನು ಬೆಲೆ ಕೊಡ್ತಿದ್ರಿ ಎಂದು ಮಾವ ಮರುಪ್ರಶ್ನೆ ಹಾಕಿದರು. ದನಿಯಲ್ಲಿ ಮುನಿಸು ಇರಲಿಲ್ಲ. ಟೀಚರ್ ಆ ಸೀಸೆಯ ನೊಣಗಳನ್ನು ತಾವೇ ಮೈಕ್ರೋಸ್ಕೋಪಿನ ಕೆಳಗೆ ಹರಡಿದರು. ಇಡಿಯಾದ ಅಂಚು. ಸಾಲು ಮೀರಿದ ಕೂದಲು.

ಮರುದಿನ ಬೆಳಿಗ್ಗೆ ಟೀಚರ್ ಎಲ್ಲರಿಗಿಂತ ಮೊದಲು ಬಂದಿದ್ದರು. ಬಿಳಿ ಹಲಗೆಯ ಮೇಲೆ ಹೊಸ ಪ್ರಯೋಗ ಬರೆದಿದ್ದರು. ಹಿಂದೆ ನಾನು ನೋಡಿದ್ದು ಸಂದೇಶ ಬಂದು ಅರ್ಧ ಗಂಟೆಯಾದ ಮೇಲಿನ ಒಂದೇ ಗಳಿಗೆಯನ್ನು. ಆಗ ಚುಕ್ಕಿಯೂ ಇತ್ತು, ಜೀನೂ ಎದ್ದಿತ್ತು. ಆದ್ದರಿಂದ ಚುಕ್ಕಿಯೇ ಎಬ್ಬಿಸಿತೆಂದುಕೊಂಡೆ ಎಂದು ಗುಬ್ಬಿಗೆ ವಿವರಿಸಿದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ನೋಡಲೇ ಇಲ್ಲ. ಈಗ ಐದೈದು ನಿಮಿಷಕ್ಕೆ ಒಂದರಂತೆ ನೋಡೋಣ.

ಆ ಕೆಲಸಕ್ಕೆ ಇಬ್ಬರು ಬೇಕಿತ್ತು. ಮರಿಹುಳುಗಳ ಮೈ ಬಿಡಿಸಿ, ಮುಂದೆ ರೆಕ್ಕೆಯಾಗಲಿರುವ ಪುಟ್ಟ ಬಿಲ್ಲೆಗಳನ್ನು ಹರಿಯದಂತೆ ತೆಗೆದು, ಸಂದೇಶದ ಹನಿ ಹಾಕುವ ಕೈ ಗುಬ್ಬಿಯದು. ಗಡಿಯಾರ ನೋಡಿ ಸಮಯ ಕೂಗುವುದು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು, ಆ ಗಳಿಗೆಗೇ ಎಲ್ಲ ನಿಲ್ಲುವಂತೆ ಕೊಳವೆಗಳನ್ನು ಮಂಜುಗಡ್ಡೆಯಲ್ಲಿ ಹೂಳುವುದು ಟೀಚರ್ ಪಾಲಿನದು. ಹನ್ನೊಂದು ದಿನ ಹೀಗೆ ನಡೆಯಿತು. ತನ್ನ ಹೆಸರಿನ ಬುಡಕ್ಕೇ ಕೊಡಲಿ ಹಾಕುವ ಪ್ರಯೋಗವನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ಗುಬ್ಬಿ ಕಂಡಿರಲಿಲ್ಲ. ಒಂದು ಕೊಳವೆಗೆ ಹತ್ತು ಸೆಕೆಂಡು ತಡವಾದರೂ ಟೀಚರ್ ಅದನ್ನು ಎಸೆಯುತ್ತಿದ್ದರು, ಮತ್ತೆ ಮೊದಲಿಂದ ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಕತ್ತಲೆ ಕೋಣೆಯಿಂದ, ಒಂದೊಂದು ಕೊಳವೆಯ ಫಲಿತಾಂಶ ಕಪ್ಪು ಪಟ್ಟಿಯಾಗಿ ಮೂಡಿದ್ದ ಫಿಲ್ಮ್ ಹೊರಬಂತು. ಟೀಚರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೀನ್ ಎದ್ದದ್ದು ಹತ್ತನೆಯ ನಿಮಿಷಕ್ಕೆ. ಆಗ ಕಾವಲುಗಾರನ ಮೈಮೇಲೆ ಚುಕ್ಕಿಯ ಸುಳಿವೇ ಇರಲಿಲ್ಲ. ಚುಕ್ಕಿ ಬಿದ್ದದ್ದು ಇಪ್ಪತ್ತೈದಕ್ಕೆ. ಐವತ್ತರ ಹೊತ್ತಿಗೆ ಜೀನ್ ಮತ್ತೆ ಮಲಗಿತ್ತು. ಚುಕ್ಕಿ ಅಂಟದ ನೊಣಗಳಲ್ಲಿ ಮಾತ್ರ ಅದು ಮಲಗಲೇ ಇಲ್ಲ. ಎದ್ದದ್ದು ಎದ್ದೇ ಇತ್ತು, ಅದಕ್ಕೇ ಬೇಡವಾದ ಕಡೆಯೆಲ್ಲ ಕೂದಲು ಹುಟ್ಟಿದ್ದವು. ಬಾಗಿಲು ತೆರೆಯುವುದಕ್ಕಲ್ಲ, ಹೊರಗೆ ಹೋದ ಕಾವಲುಗಾರನನ್ನು ವಾಪಸ್ಸು ಕರೆತಂದು ಕೂರಿಸುವುದಕ್ಕೆ ಇತ್ತು ಆ ಚುಕ್ಕಿ.

"ಎಷ್ಟು ಚೆನ್ನಾಗಿದೆ ನೋಡು," ಎಂದರು ಟೀಚರ್. "ಎಬ್ಬಿಸೋದು ಯಾರಿಗಾದರೂ ಬರುತ್ತೆ. ಸರಿಯಾದ ಹೊತ್ತಿಗೆ ಮಲಗಿಸೋದನ್ನೂ ಇಷ್ಟು ಚಿಕ್ಕ ಜೀವ ಕಲಿತಿದೆ. ನಾನು ಅದರ ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ, ಅದನ್ನೂ ತಲೆಕೆಳಗಾಗಿ."

ಗುಬ್ಬಿ ಅವರ ಮುಖ ನೋಡಿದಳು. ಸೋತವರ ಮುಖ ಅಲ್ಲ ಅದು. ನಿಜವಾಗಿಯೂ ಖುಷಿಪಟ್ಟವರ ಮುಖ. ಆಮೇಲೆ ಆ ಖುಷಿ ನಿಧಾನಕ್ಕೆ ಆರಿತು. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಟೀಚರ್ ಬಾಟ್ಲಿ ಮಾವನನ್ನು ಕೇಳಿದರು.

ಮಾವನಿಗೆ ಅದೂ ಗೊತ್ತಿತ್ತು. ನಗರದ ಇನ್ನೊಂದು ತುದಿಯಲ್ಲಿ, ಚಪ್ಪಲಿ ರಿಪೇರಿಯ ಅಂಗಡಿ ಮತ್ತು ಔಷಧದ ಅಂಗಡಿಯ ನಡುವೆ, ಅವನದೊಂದು ಕನ್ನಡಕದ ಅಂಗಡಿ. ಮಾವ ಓದುವ ಕನ್ನಡಕ ಮಾಡಿಸಿದ್ದು ಅಲ್ಲೇ.

ಶನಿವಾರ ಟೀಚರ್ ಮತ್ತು ಗುಬ್ಬಿ ಅಲ್ಲಿಗೆ ಹೋದರು. ಕನ್ನಡಕದವರಿಗೆ ನಲವತ್ತೇಳು ನಲವತ್ತೆಂಟು ಇರಬಹುದು, ಕಿವಿಯ ಬಳಿ ನರೆ. ನೀರು ಚಿಮ್ಮುವ ಸಾಣೆಕಲ್ಲಿಗೆ ಗಾಜೊಂದನ್ನು ಒತ್ತಿಹಿಡಿದು ಅಂಚು ಸವೆಸುತ್ತಿದ್ದರು. ತಲೆಯೆತ್ತಿ ಟೀಚರನ್ನು ಕಂಡರು. ಕೈ ಮಾತ್ರ ನಿಲ್ಲಲಿಲ್ಲ; ಅರ್ಧಕ್ಕೆ ಬಿಟ್ಟರೆ ಗಾಜು ಕೆಡುತ್ತದೆ.

ಟೀಚರ್ ಕೂರಲಿಲ್ಲ. "ನಿನ್ನ ನೊಣ ಸರಿಯಾಗಿತ್ತು. ನಿನ್ನ ಕೈಯೂ ಸರಿಯಾಗಿತ್ತು. ತಪ್ಪು ನನ್ನದು," ಎಂದರು.

ಕನ್ನಡಕದವರು ಗಾಜನ್ನು ಪೂರ್ತಿ ಸುತ್ತು ತಿರುಗಿಸಿದರು, ಯಂತ್ರ ನಿಲ್ಲಿಸಿದರು, ಬಟ್ಟೆಯಿಂದ ಒರೆಸಿ ಟ್ರೇಯಲ್ಲಿಟ್ಟರು. ಆಮೇಲೆ ಇಬ್ಬರಿಗೂ ಕುರ್ಚಿ ಎಳೆದರು.

"ಇಲ್ಲಿಗೆ ಬಂದ ಮೇಲೆ ಮೂರು ವರ್ಷ ನನಗೆ ನನ್ನ ಕೈ ಮೇಲೆ ನಂಬಿಕೆ ಇರಲಿಲ್ಲ," ಎಂದರು ಮೆಲ್ಲಗೆ. "ಒಂದು ಸ್ಕ್ರೂ ಬಿಗಿ ಮಾಡಿದ್ರೂ ಎರಡೆರಡು ಸಲ ನೋಡ್ತಿದ್ದೆ."

"ಅದನ್ನ ನಾನು ವಾಪಸ್ ಕೊಡೋಕೆ ಆಗಲ್ಲ," ಎಂದರು ಟೀಚರ್.

ಗುಬ್ಬಿ ರೆಕ್ಕೆಯ ಫೋಟೋ ಮುಂದಿಟ್ಟಳು. ಅವರು ಗಾಜು ಪರೀಕ್ಷಿಸುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಸಾಲಿನಿಂದ ಹೊರಗೆ ಬಂದ ಕೂದಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. ಇವನ್ನು ತಾನೂ ಕಂಡು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ ಎಂದರು. ಅದು ಲ್ಯಾಬಿನಲ್ಲೇ ಇದೆ, ಹೋದ ವಾರ ಓದಿದೆ ಎಂದರು ಟೀಚರ್. ನೊಣಗಳು ಇನ್ನೂ ಬದುಕಿವೆ, ಮಾವ ಸಾಕಿದ್ದಾರೆ ಎಂದು ಗುಬ್ಬಿ ಹೇಳಿದಾಗ ಮಾತ್ರ ಅವರು ಭೂತಗನ್ನಡಿ ತೆಗೆದು, ಗಿರಾಕಿ ಬಂದರೋ ಎಂಬಂತೆ ಬಾಗಿಲ ಕಡೆ ಮುಖ ತಿರುಗಿಸಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಇದರ ಬಗ್ಗೆ ಬರೆಯುವ ಲೇಖನದಲ್ಲಿ ನಿಮ್ಮ ಹೆಸರೂ ಹಾಕುತ್ತೇವೆ ಎಂದು ಗುಬ್ಬಿ ಹೇಳಿದಾಗ ಅವರು ಬೇಡವೆಂದರು. ಹಳೆಯದನ್ನು ಕೆದಕುವುದು ಬೇಡ, ನನಗೆ ಈ ಕೆಲಸ ಹಿಡಿಸಿದೆ, ಜನ ಅಂಗಡಿಗೆ ಮಸುಕು ಮಸುಕಾಗಿ ಬಂದು ಸ್ಪಷ್ಟವಾಗಿ ಹೋಗುತ್ತಾರೆ ಎಂದರು. ಟೀಚರ್ ಒತ್ತಾಯಿಸಲಿಲ್ಲ.

ಗುಬ್ಬಿ ಲೇಖನ ಬರೆಯತೊಡಗಿದಳು. ಸಂಸ್ಥೆಯ ನಿರ್ದೇಶಕರು ಟೀಚರ್‌ಗೆ ಹಳೆಯ ಗೆಳೆಯರು; ಅವರು ಒಮ್ಮೆ ಬಂದು, ಇಷ್ಟು ಅವಸರವೇಕೆ, ನಿವೃತ್ತಿಯ ಸಮಾರಂಭ ಮುಗಿಯಲಿ, ಆಮೇಲೆ ಹುಡುಗಿಯ ಹೆಸರಿನಲ್ಲೇ ಬರಲಿ ಎಂದು ಕಿವಿಮಾತು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಟೀಚರ್ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಗುಬ್ಬಿಯೂ, ಹಿಂದಿನ ತೀರ್ಮಾನ ಭಾಗಶಃ ಪರಿಷ್ಕರಣೆಗೆ ಒಳಪಡಬಹುದೆಂದು ತೋರುತ್ತದೆ ಎಂದು ಮೆತ್ತಗೆ ಬರೆದಿದ್ದಳು. ಕರಡು ತಿರುಗಿ ಬಂದಾಗ ಆ ವಾಕ್ಯದ ಮೇಲೆ ನಡುಗುವ ಕೈಯ ಸೊಟ್ಟ ಗೆರೆ ಬಿದ್ದಿತ್ತು. 'ಭಾಗಶಃ' ಹೋಗಿತ್ತು, 'ಒಳಪಡಬಹುದೆಂದು' ಹೋಗಿತ್ತು, 'ತೋರುತ್ತದೆ'ಯೂ ಹೋಗಿತ್ತು. ಪಕ್ಕದಲ್ಲಿ ಟೀಚರ್ ಬರೆದಿದ್ದರು: ನಮ್ಮ ಹಿಂದಿನ ತೀರ್ಮಾನ ತಪ್ಪು.

ಕರಡನ್ನು ಗುಬ್ಬಿ ಕನ್ನಡಕದವರಿಗೂ ಕಳಿಸಿದ್ದಳು. ವಾರದ ಮೇಲೆ ಅವರ ಫೋನ್ ಬಂತು. ಹಳೆಯ ಪ್ರಯೋಗದ ಬಗ್ಗೆ ಸುಮಾರು ಮುನ್ನೂರು ರೆಕ್ಕೆ ಎಂದು ಬರೆದಿದ್ದೀರಿ, ಸುಮಾರು ಅಲ್ಲ, ಮುನ್ನೂರ ಹನ್ನೆರಡು, ಒಂದೊಂದನ್ನೂ ನಾನೇ ಎಣಿಸಿದ್ದು ಎಂದರು. ತಿದ್ದುತ್ತೇನೆ ಎಂದಳು. ಆ ಕಡೆ ಸಾಣೆಕಲ್ಲಿನ ಯಂತ್ರ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, ಲೆಕ್ಕಕ್ಕೆ ಯಾರು ಹೊಣೆ ಅಂತ ಓದುವವರಿಗೆ ಗೊತ್ತಿರಬೇಕಲ್ಲ, ಹೆಸರು ಹಾಕಿ ಎಂದರು. ಹಾಗೆ ಲೇಖನಕ್ಕೆ ನಾಲ್ಕು ಹೆಸರುಗಳಾದವು. ನಾಲ್ಕನೆಯದು ಬಾಟ್ಲಿ ಮಾವನದು. ಅವರು ಮಾತ್ರ ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಮೂರು ಸಲ ನೋಡಿ ಒಲೆಯ ಕಡೆ ಹೋದರು.

ಟೀಚರ್ ಅವರ ವಿದಾಯದ ಉಪನ್ಯಾಸಕ್ಕೆ ದೊಡ್ಡ ಸಭಾಂಗಣ ತುಂಬಿತ್ತು. ಎಲ್ಲೆಲ್ಲಿಂದಲೋ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಗುಬ್ಬಿಯ ತಾಯಿಯೂ ಬೇಕರಿಯಿಂದ ಅರ್ಧ ದಿನ ರಜೆ ಹಾಕಿ ಬಂದು, ನೊಣದ ಸಮಾಚಾರ ಕೇಳೋಕೆ ಇಷ್ಟೊಂದು ಜನವೇ ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. ಕನ್ನಡಕದವರು ಕೊನೆಯ ಸಾಲಿನ ತುದಿಯಲ್ಲಿದ್ದರು.

ಟೀಚರ್ ಮೊದಲು ತೋರಿಸಿದ್ದು ಪಠ್ಯಪುಸ್ತಕದ ಆ ಚಿತ್ರವನ್ನು. ಸಭೆಯಲ್ಲಿ ಪರಿಚಯದ ನಗು ಹರಡಿತು. ಇದು ತಪ್ಪು ಎಂದರು ಟೀಚರ್. ನಗು ನಿಂತಿತು. ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ಹದಿನೆಂಟು ವರ್ಷದ ಹಿಂದೆ ಸರಿಯಾದ ಉತ್ತರ ತಂದವರನ್ನು ಯಾವ ಮಾತು ಹೇಳಿ ಕಳಿಸಿದೆ, ಅದನ್ನು ಉಳಿಸಿ ಸಾಕಿದವರು ಯಾರು ಎಂಬುದನ್ನೆಲ್ಲ ಒಂದನ್ನೂ ನುಂಗದೆ ಹೇಳಿದರು. ಕೊನೆಯ ಸಾಲಿನ ಕಡೆ ನೋಡಿ ಹೇಳಿದರು. ಆಮೇಲೆ ಫಿಲ್ಮ್ ತೋರಿಸಿ, ಹತ್ತನೆಯ ನಿಮಿಷ, ಇಪ್ಪತ್ತೈದನೆಯ ನಿಮಿಷ, ಐವತ್ತನೆಯ ನಿಮಿಷ ಎಂದು ಬೆಳಕಿನ ಚುಕ್ಕಿಯನ್ನು ಒಂದೊಂದರ ಮೇಲೂ ನಿಲ್ಲಿಸಿದರು. ಕೈ ನಡುಗುವುದರಿಂದ ಆ ಬೆಳಕೂ ನಡುಗುತ್ತಿತ್ತು. ದನಿ ನಡುಗಲಿಲ್ಲ. ಅಷ್ಟು ವರ್ಷಗಳ ಕೆಲಸದಲ್ಲಿ ತನಗೆ ಅತ್ಯಂತ ಸಂತೋಷ ಕೊಟ್ಟ ಹನ್ನೆರಡು ದಿನ ಇವು ಎಂದಾಗ ಗುಬ್ಬಿಗೆ ಎದುರಿನದು ಸರಿಯಾಗಿ ಕಾಣಿಸಲಿಲ್ಲ.

ಪ್ರಶ್ನೆಗಳ ಹೊತ್ತಿಗೆ ಮುಂದಿನ ಸಾಲಿನಿಂದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತಳು. ಚುಕ್ಕಿ ಬೀಳೋದು ಜೀನನ್ನ ಮಲಗಿಸೋಕಾದ್ರೆ, ಮೊದಲು ಅದನ್ನ ಎಬ್ಬಿಸೋದು ಯಾವುದು ಎಂದು ಕೇಳಿದಳು.

"ಗೊತ್ತಿಲ್ಲ," ಎಂದರು ಟೀಚರ್, ಮುಖವರಳಿಸಿ. "ನನಗಂತೂ ಗೊತ್ತಿಲ್ಲ. ಗುಬ್ಬಿ, ನಿನಗೆ?"

ಗುಬ್ಬಿ ಎದ್ದು, ತನಗೂ ಗೊತ್ತಿಲ್ಲ, ಸೋಮವಾರದಿಂದ ನೋಡಬೇಕು ಎಂದಳು. ಆ ಹುಡುಗಿ ಸೋಮವಾರ ಬೆಳಿಗ್ಗೆ ತಾನೂ ಬರಬಹುದೇ ಎಂದು ಕೇಳಿದಳು. ಬಾ ಎಂದರು ಟೀಚರ್, ಒಂಬತ್ತಕ್ಕೆ ಸರಿಯಾಗಿ.